ಮೊದಲು ಯಾವುದನ್ನು ಕೇಳಿಸಬೇಕು? ಶಾಸ್ತ್ರೀಯ ಸಂಗೀತ ಹುಡುಕುವವರಿಗೂ ಹಂಚುವವರಿಗೂ ಒಂದು ಹೋಲಿಕೆ

ಹೋದ ವರ್ಷ ಅಕ್ಕನ ಮಗ ಹಾಸ್ಟೆಲಿನಿಂದ ಫೋನ್ ಮಾಡಿದ. "ಮಾಮ, ಕ್ಲಾಸಿಕಲ್ ಕೇಳ್ಬೇಕು ಅನ್ನಿಸ್ತಿದೆ. ಎಲ್ಲಿಂದ ಶುರು ಮಾಡ್ಲಿ?" ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ರಾತ್ರಿಯೇ ಕೂತು 18 ಲಿಂಕ್ ಕಳಿಸಿದೆ. ಒಂದಕ್ಕಿಂತ ಒಂದು ಚೆನ್ನಾಗಿರುವ ಗಾಯನ. ಹದಿನೈದು ದಿನ ಬಿಟ್ಟು ವಿಚಾರಿಸಿದೆ. ಮೊದಲನೆಯದನ್ನು ಹಾಕಿದ್ದನಂತೆ. ಅದು 52 ನಿಮಿಷದ ಖಯಾಲ್, ಹಿಂದೂಸ್ತಾನಿಯಲ್ಲಿ ಒಂದೇ ರಾಗವನ್ನು ಬೆಳೆಸಿ ಹಾಡುವ ಗಾಯನ. ಆರನೇ ನಿಮಿಷಕ್ಕೆ ಯಾರೋ ಊಟಕ್ಕೆ ಕರೆದರು, ಎದ್ದು ಹೋದ. ಆಮೇಲೆ ಆ ಪಟ್ಟಿಯನ್ನು ತೆಗೆದೇ ಇರಲಿಲ್ಲ.

ಹುಡುಗನ ಆಸೆ ನಿಜವಾದದ್ದೇ. ನಾನು ಕೊಟ್ಟ ರೀತಿ ಸರಿ ಇರಲಿಲ್ಲ. ಈ ವಿಷಯವನ್ನು ನಾನೂ ಅಕ್ಕನೂ ಆಮೇಲೆ ಬಹಳ ಸಲ ಮಾತಾಡಿದೆವು. ಅಕ್ಕ ಇರುವುದು ಚಿತ್ರದುರ್ಗದಲ್ಲಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ನಾನು ದಾವಣಗೆರೆಯಲ್ಲಿದ್ದೇನೆ, ಕೇಳುವುದು ಜಾಸ್ತಿ ಹಿಂದೂಸ್ತಾನಿ. ನಡುವೆ ಸುಮಾರು 60 ಕಿಲೋಮೀಟರ್ ದಾರಿ. ಮಾತಾಡುತ್ತಾ ಮಾತಾಡುತ್ತಾ ಅಕ್ಕ ಒಂದು ಮಾತು ಹೇಳಿದಳು: "ಚೆನ್ನಾಗಿದೆಯಾ ಅಂತ ಕೇಳ್ಬೇಡ. ಇನ್ನೊಂದು ಸಲ ಹಾಕ್ಕೊಂಡ್ಯಾ ಅಂತ ಕೇಳು."

ನನಗೆ ಆ ಅಳತೆ ಬಹಳ ಹಿಡಿಸಿತು. ಈ ಸಂಗೀತ ಮೊದಲ ಸಲಕ್ಕೆ ಅರ್ಧವೂ ಕಿವಿಗೆ ಬೀಳುವುದಿಲ್ಲ. ಎರಡನೇ ಸಲ ತಿರುವುಗಳು ಗುರುತಿಗೆ ಸಿಗುತ್ತವೆ. ಮೂರನೇ ಸಲಕ್ಕೆ, ಮುಂದೆ ಏನು ಬರುತ್ತೆ ಅಂತ ಕಾಯಲು ಶುರುವಾಗುತ್ತದೆ. ಆದ್ದರಿಂದ ಕೆಳಗೆ ಯಾವುದನ್ನು ಯಾವುದಕ್ಕೆ ಹೋಲಿಸಿದರೂ ಆ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಲಿಸಿದ್ದೇನೆ. ಎರಡನೇ ಸಲ ಕೇಳುವಂತೆ ಮಾಡುವುದು ಯಾವುದು?

ಹಿಂದೂಸ್ತಾನಿಯೋ, ಕರ್ನಾಟಕವೋ

ಈ ಪ್ರಶ್ನೆ ನಮ್ಮ ಕಡೆಯವರಿಗೇ ಜಾಸ್ತಿ ಬರುತ್ತದೆ. ಮೈಸೂರಿನವರ ಕಿವಿಗೆ ಮೊದಲು ಬೀಳುವುದು ವೀಣೆ, ಪಿಟೀಲು. ಧಾರವಾಡದವರಿಗೆ ತಂಬೂರಿ, ತಬಲಾ. ನಾವು ನಡುವಿನವರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ನಮ್ಮೂರ ಮೇಲೇ ಹೋಗುತ್ತದೆ. ರಾಮನವಮಿಗೆ ಪಾನಕ ಕೋಸಂಬರಿ ಜೊತೆ ದಾಸರ ಪದ ಕೇಳಿ ಬೆಳೆದಿದ್ದೇವೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಹಾರ್ಮೋನಿಯಂ ಮುಂದೆ ಕೂತ ಗವಾಯಿಗಳ ಹಾಡನ್ನೂ ಕೇಳಿದ್ದೇವೆ. ನಮ್ಮಪ್ಪನ ಕಾಲದವರಿಗೆ ಕಂಪನಿ ನಾಟಕವೇ ಸಂಗೀತದ ಶಾಲೆ. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ ನಮ್ಮೂರಿನದೇ ಅಲ್ವಾ. ಅಪ್ಪನಿಗೆ ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಆದರೆ ನಾನು ಭೀಮಪಲಾಸ ಹಾಕಿದರೆ ಒಳಗಿನಿಂದ ಎದ್ದು ಬಂದು, "ಈ ಮಟ್ಟು ನಾಟಕದಾಗೆ ಕೇಳೀನಿ ಕಣಪ್ಪ" ಅನ್ನುತ್ತಿದ್ದರು.

ಎರಡರ ನಡುವೆ ದೊಡ್ಡ ಗೋಡೆ ಇದೆ ಅಂದುಕೊಂಡವರು ಹಿರಿಯರು ಕಲಿತ ದಾರಿ ನೋಡಬೇಕು. ಮಲ್ಲಿಕಾರ್ಜುನ ಮನ್ಸೂರರು (1910–1992) ಹುಡುಗನಾಗಿದ್ದಾಗ ಮೊದಲು ಕಲಿತದ್ದು ಕರ್ನಾಟಕ ಸಂಗೀತ, ಅಪ್ಪಯ್ಯಸ್ವಾಮಿ ಎಂಬ ಗುರುಗಳಲ್ಲಿ. ಗ್ವಾಲಿಯರ್, ಜೈಪುರ ಘರಾನೆಗಳ (ಹಿಂದೂಸ್ತಾನಿ ಗಾಯನದ ಪರಂಪರೆಗಳು) ಕಲಿಕೆ ಆಮೇಲಿನದು. ಗದುಗಿನ ಪಂಚಾಕ್ಷರಿ ಗವಾಯಿಗಳು ಎರಡನ್ನೂ ಕಲಿತು ಹಾಡಿದವರು. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರು ಕರ್ನಾಟಕ ಸಂಗೀತದ ತ್ಯಾಗರಾಜರ ಕೃತಿಯನ್ನೇ, ಅಂದರೆ ಅವರು ರಚಿಸಿದ ಹಾಡನ್ನೇ, ಧ್ವನಿಮುದ್ರಿಸಿ ಹೋಗಿದ್ದಾರೆ. ಹಾಗಾಗಿ ಯಾವುದನ್ನು ಹಿಡಿದರೂ ಇನ್ನೊಂದನ್ನು ಬಿಟ್ಟಂತೆ ಆಗುವುದಿಲ್ಲ.

ಆದರೆ ಕೇಳುವ ಅನುಭವ ಮಾತ್ರ ಬೇರೆ ಬೇರೆ. ಕರ್ನಾಟಕ ಕಚೇರಿಯಲ್ಲಿ ಹಾಡು ಮುಂದೆ ಇರುತ್ತದೆ. ವರ್ಣ ಎಂಬ ರಚನೆಯಿಂದ ಶುರು, ಆಮೇಲೆ ಒಂದರ ಹಿಂದೆ ಒಂದು ಕೃತಿ. ನಡುವೆ ಒಂದನ್ನು ದೊಡ್ಡದಾಗಿ ಹಾಡಿ ಮೃದಂಗಕ್ಕೆ ತನಿ, ಅಂದರೆ ಒಂಟಿಯಾಗಿ ನುಡಿಸುವ ಅವಕಾಶ, ಬಿಡುತ್ತಾರೆ. ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ಒಂದು ಸಾಧಾರಣ ಕೃತಿ ಐದರಿಂದ ಹತ್ತು ನಿಮಿಷ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಎರಡು ಸಲ ಬಂದ ಮೇಲೆ ಕೇಳುವವರೂ ಒಳಗೊಳಗೇ ಗುನುಗಲು ಶುರು ಮಾಡುತ್ತಾರೆ. ಕೈಯಲ್ಲಿ ತಾಳ ಹಾಕಬಹುದು. ಆದಿತಾಳ ಎಂಟೆಣಿಕೆ. ತಟ್ಟಿ ಮೂರು ಬೆರಳು ಎಣಿಸಿ, ಮತ್ತೆ ತಟ್ಟಿ ತಿರುಗಿಸಿ, ಮತ್ತೆ ತಟ್ಟಿ ತಿರುಗಿಸಿದರೆ ಆಯಿತು. ಹತ್ತು ವರ್ಷದ ಮಕ್ಕಳೂ ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ.

ಹಿಂದೂಸ್ತಾನಿ ಖಯಾಲಿನಲ್ಲಿ ರಾಗವೇ ಮುಂದೆ. ಬಂದಿಶ್ ಅಂದರೆ ಹಾಡಿಗೆ ಆಧಾರವಾದ ಪುಟ್ಟ ರಚನೆ, ಅದರ ಸಾಹಿತ್ಯ ಎರಡು, ನಾಲ್ಕು ಸಾಲು. ಅದನ್ನೇ ಇಟ್ಟುಕೊಂಡು ಗಾಯಕರು ಮುಕ್ಕಾಲು ಗಂಟೆ ಒಂದೇ ರಾಗದಲ್ಲಿ ಇರುತ್ತಾರೆ. ವಿಲಂಬಿತ (ನಿಧಾನಗತಿಯ) ಏಕತಾಳಕ್ಕೆ 12 ಮಾತ್ರೆ, ಅಂದರೆ 12 ಎಣಿಕೆ. ಬಹಳ ನಿಧಾನಕ್ಕೆ ಹಾಡುವವರಾದರೆ ಆ 12 ಮಾತ್ರೆಯ ಒಂದು ಸುತ್ತಿಗೇ ಮುಕ್ಕಾಲು ನಿಮಿಷ, ಒಂದು ನಿಮಿಷ ಹಿಡಿಯುತ್ತದೆ. ಹೊಸಬರಿಗೆ "ಏನೂ ಆಗ್ತಾನೇ ಇಲ್ವಲ್ಲ" ಅನ್ನಿಸುವುದು ಇಲ್ಲೇ. ಅದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ: ಸಮ್ ಗಮನಿಸಿ. ಸುತ್ತು ಮುಗಿದು ಮೊದಲ ಮಾತ್ರೆಗೆ ಬರುವಾಗ ಗಾಯಕರು ಬಂದಿಶಿನ ಮೊದಲ ಸಾಲಿನ ತುಂಡನ್ನು ಹಿಡಿದು ಅಲ್ಲಿಗೆ ಬಂದು ಇಳಿಯುತ್ತಾರೆ. ತಬಲಾದವರೂ ಅಲ್ಲಿಗೇ ಬಂದು ಸೇರುತ್ತಾರೆ. ಸಭೆಯಲ್ಲಿ ತಲೆಗಳು ಅಲ್ಲಾಡುವುದೂ ಅಲ್ಲೇ. ಮೂರು ಸಲ ಸಮ್ ಹಿಡಿದರೆ, ನಾಲ್ಕನೆಯದಕ್ಕೆ ನೀವೇ ಕಾಯುತ್ತೀರಿ.

ನಾನು ಹಿಂದೂಸ್ತಾನಿಯವನು. ಆದರೂ ತೀರಾ ಹೊಸಬರಿಗೆ ಕೃತಿಯೇ ಮೊದಲು ಅಂತ ಹೇಳುತ್ತೇನೆ. ಪಲ್ಲವಿ ತಾನೇ ವಾಪಸ್ ಬರುವುದರಿಂದ ಎರಡನೇ ಸಲದ ಕೆಲಸ ಹಾಡೊಳಗೇ ಅರ್ಧ ಆಗಿರುತ್ತದೆ. ಆದರೆ ಕೆಲವರ ವಿಷಯ ಬೇರೆ. ದಿನವಿಡೀ ಅಂಗಡಿಯಲ್ಲಿ, ಮಂಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಸುಸ್ತಾಗಿ ಬರುವವರಿದ್ದಾರೆ. ರಾತ್ರಿ ನಿದ್ದೆ ಬಾರದವರಿದ್ದಾರೆ. ಅವರಿಗೆ ಮಾತು ಕಡಿಮೆ ಇರುವ ನಿಧಾನದ ಖಯಾಲ್ ಮೊದಲ ದಿನವೇ ಹಿಡಿಸಿದ್ದನ್ನು ನೋಡಿದ್ದೇನೆ.

ಆಯ್ಕೆ ಮಾಡಲೇ ಆಗದವರಿಗೆ ಇನ್ನೊಂದು ದಾರಿ ಇದೆ. ನನಗೆ ತುಂಬಾ ಪ್ರೀತಿಯ ದಾರಿ ಇದು. ಒಂದೇ ಸ್ವರಗಳ ರಾಗವನ್ನು ಎರಡೂ ಕಡೆಯಿಂದ ಕೇಳುವುದು. ಕರ್ನಾಟಕದ ಮೋಹನ, ಹಿಂದೂಸ್ತಾನಿಯ ಭೂಪ, ಎರಡಕ್ಕೂ ಅವೇ ಐದು ಸ್ವರ: ಸ ರಿ ಗ ಪ ದ. ಹಿಂದೋಳಕ್ಕೆ ಜೋಡಿ ಮಾಲಕಂಸ. ಕಲ್ಯಾಣಿಗೆ ಯಮನ್. ಶುದ್ಧ ಸಾವೇರಿಗೆ ದುರ್ಗಾ. ಮಧ್ಯಮಾವತಿಗೆ ಮಧುಮಾದ್ ಸಾರಂಗ. ಹಂಸಧ್ವನಿಗೆ ಎರಡೂ ಕಡೆ ಅದೇ ಹೆಸರು, ಯಾಕೆಂದರೆ ಅದು ದಕ್ಷಿಣದಿಂದಲೇ ಉತ್ತರಕ್ಕೆ ಹೋದ ರಾಗ.

ನಾವು ಅಕ್ಕನ ಮಗನಿಗೆ ಮಾಡಿದ್ದೂ ಇದನ್ನೇ. ಅಕ್ಕ ಫೋನಿನಲ್ಲಿ "ವರವೀಣಾ" ಹಾಡಿದಳು. ಸಂಗೀತ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವ ಮೋಹನ ರಾಗದ ಗೀತೆ ಅದು, ಎರಡು ನಿಮಿಷವೂ ಇಲ್ಲ. ಅದಾದ ಕೂಡಲೇ ನಾನು ಭೂಪದ ಒಂದು ದ್ರುತ್ (ವೇಗದ ಬಂದಿಶ್) ಕೇಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದ. "ಎರಡೂ ಒಂದೇ ಅಲ್ವಾ ಮಾಮ? ಆದ್ರೆ ಇದು ಜಾರ್ತಾ ಹೋಗುತ್ತೆ, ಅದು ಮೆಟ್ಟಿಲು ಹತ್ತಿದ ಹಾಗಿತ್ತು" ಅಂದ. ನನ್ನ 18 ಲಿಂಕಿನಿಂದ ಆಗದ ಕೆಲಸ ಅದು.

ಇಲ್ಲಿ ಒಂದು ಎಚ್ಚರ ಬೇಕು. ಹೆಸರು ನಂಬಿ ಜೋಡಿ ಮಾಡಿದರೆ ಮೋಸ ಹೋಗುತ್ತೀರಿ. ಕರ್ನಾಟಕದ ತೋಡಿಯೇ ಬೇರೆ, ಹಿಂದೂಸ್ತಾನಿ ತೋಡಿಯೇ ಬೇರೆ. ಹಿಂದೂಸ್ತಾನಿ ತೋಡಿಯ ಸ್ವರಗಳು ಬೇಕಾದರೆ ನಮ್ಮ ಕಡೆ ಶುಭಪಂತುವರಾಳಿ ಕೇಳಬೇಕು. ಎರಡೂ ಕಡೆಯ ಭೈರವಿಗೂ ಹೆಸರು ಬಿಟ್ಟರೆ ಹೊಂದಿಕೆ ಇಲ್ಲ. ಕರ್ನಾಟಕದ ಭೂಪಾಳವನ್ನು ಭೂಪ ಅಂದುಕೊಳ್ಳಬೇಡಿ, ಉತ್ತರದ ಹಿಂಡೋಲನ್ನು ನಮ್ಮ ಹಿಂದೋಳ ಅಂದುಕೊಳ್ಳಬೇಡಿ.

ಸಾಹಿತ್ಯ ಇರುವುದೋ, ಬರೀ ವಾದ್ಯವೋ

"ಅರ್ಥ ಆಗಲ್ಲ" ಅನ್ನುವುದು ನಾನು ಜಾಸ್ತಿ ಕೇಳಿದ ಮಾತು. ಅದರಲ್ಲಿ ನ್ಯಾಯವಿದೆ. ತ್ಯಾಗರಾಜರ ಕೃತಿ ತೆಲುಗು, ಇನ್ನೊಬ್ಬ ರಚನಕಾರ ಮುತ್ತುಸ್ವಾಮಿ ದೀಕ್ಷಿತರದು ಸಂಸ್ಕೃತ, ಖಯಾಲಿನ ಬಂದಿಶ್ ಬಹಳಷ್ಟು ಬ್ರಜ ಭಾಷೆ. ಹಾಗಾದರೆ ಅರ್ಥ ಗೊತ್ತಿರುವುದರಿಂದಲೇ ಶುರು ಮಾಡೋಣ. ನಮ್ಮ ಸೀಮೆಯ ಮನೆಗಳಲ್ಲಿ ವಚನ ಗೊತ್ತಿಲ್ಲದವರು ಕಡಿಮೆ. ಮನ್ಸೂರರು ಹಾಡಿದ ಅಕ್ಕಮಹಾದೇವಿಯ "ಅಕ್ಕ ಕೇಳವ್ವ" ಹಾಕಿ ನೋಡಿ. ಮಾತು ಮೊದಲೇ ಗೊತ್ತಿರುವುದರಿಂದ ಕಿವಿ ಬೇರೆ ಕಡೆ ಹೋಗುತ್ತದೆ. ಒಂದು ಶಬ್ದವನ್ನು ಅವರು ಎಲ್ಲಿ ತಡೆದರು, ಯಾವ ಸ್ವರಕ್ಕೆ ಕೊಂಡೊಯ್ದರು ಎಂಬುದು ಕೇಳತೊಡಗುತ್ತದೆ. ರಾಗ ಕೇಳುವುದು ಅಂದರೆ ಅದೇ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ವಚನಗಳೂ ಸಿಗುತ್ತವೆ.

ಇನ್ನೊಂದು ಹೋಲಿಕೆಯನ್ನು ನಾನು ಯಾವ ಮನೆಗೆ ಹೋದರೂ ಮಾಡಿಸುತ್ತೇನೆ. "ಭಾಗ್ಯದ ಲಕ್ಷ್ಮಿ ಬಾರಮ್ಮ" ಶುಕ್ರವಾರ ಎಲ್ಲರ ಮನೆಯಲ್ಲೂ ಹಾಡುವ ಪುರಂದರದಾಸರ ಪದ. ಕರ್ನಾಟಕ ಪದ್ಧತಿಯವರು ಮಧ್ಯಮಾವತಿಯಲ್ಲಿ ಹಾಡಿದ್ದನ್ನು ಒಮ್ಮೆ ಕೇಳಿಸಿ, ಆಮೇಲೆ ಭೀಮಸೇನ ಜೋಶಿಯವರದು. ಮಾತು ಒಂದೇ, ದೇವಿಯೂ ಒಬ್ಬಳೇ. ಮೊದಲನೆಯದರಲ್ಲಿ ರಂಗೋಲಿ ಹಾಕಿ ಬಾಗಿಲಲ್ಲಿ ನಿಂತು ಕರೆದ ಹಾಗಿರುತ್ತದೆ. ಜೋಶಿಯವರದರಲ್ಲಿ ಆ "ಬಾರಮ್ಮ" ಬೀದಿ ಕೊನೆಯವರೆಗೂ ಕೇಳುವ ಹಾಗೆ ಹೊರಡುತ್ತದೆ. ಎರಡು ಪದ್ಧತಿಗಳ ಬಗ್ಗೆ ಒಂದು ಗಂಟೆ ವಿವರಿಸುವುದಕ್ಕಿಂತ ಈ ಹತ್ತು ನಿಮಿಷ ಮೇಲು.

ವಾದ್ಯದಿಂದ ಶುರು ಮಾಡುವುದಕ್ಕೂ ಒಂದು ಅನುಕೂಲ ಇದೆ, ಭಾಷೆಯ ತೊಡಕೇ ಇಲ್ಲ. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ, ರಾಜೀವ ತಾರಾನಾಥರ ಸರೋದ್, ಮದುವೆ ಮನೆಯ ಸ್ಯಾಕ್ಸೋಫೋನ್ ಕೇಳಿ ಬೆಳೆದವರಿಗೆ ಕದ್ರಿ ಗೋಪಾಲನಾಥರು. ಆದರೆ ನನ್ನ ಅನುಭವದಲ್ಲಿ ವಾದ್ಯ ಬೇಗ ಹಿನ್ನೆಲೆಗೆ ಸರಿಯುತ್ತದೆ. ಹಾಕಿ ಅಡುಗೆ ಮಾಡುತ್ತಾರೆ, ಓದುತ್ತಾರೆ, ಮಾತಾಡುತ್ತಾರೆ. ಸಂಜೆ ಚೆನ್ನಾಗಿ ಕಳೆಯುತ್ತದೆ, ಮರುದಿನ ಒಂದು ಸಾಲೂ ನೆನಪಿರುವುದಿಲ್ಲ. ಎರಡನೇ ಸಲದ ಲೆಕ್ಕದಲ್ಲಿ ಕಂಠವೇ ಮುಂದು. ಮಾತಿನ ತುದಿ ಹಿಡಿದುಕೊಂಡು ಜನ ವಾಪಸ್ ಬರುತ್ತಾರೆ.

ಕಂಠದ ಬಗ್ಗೆ ಒಂದು ಸಣ್ಣ ಮಾತು. ಗಂಗೂಬಾಯಿ ಹಾನಗಲ್ಲರನ್ನು (1913–2009) ಮೊದಲ ಸಲ ಕೇಳಿಸುವಾಗ ಮುಂಚೆಯೇ ಹೇಳಿಬಿಡಿ, ದನಿ ಗಂಡು ದನಿಯಷ್ಟೇ ಗಡಸು ಅಂತ. ಹೇಳದಿದ್ದರೆ ಕೇಳುವವರ ತಲೆಯೆಲ್ಲ ಅದರ ಮೇಲೇ ಇರುತ್ತದೆ, ರಾಗ ಪಕ್ಕದಲ್ಲೇ ಹಾದುಹೋಗುತ್ತದೆ. ಹೇಳಿಬಿಟ್ಟರೆ ಐದು ನಿಮಿಷದಲ್ಲಿ ಆ ದನಿಯೇ ಬೇಕು ಅನ್ನಿಸುತ್ತದೆ.

ಮೂರು ನಿಮಿಷದ್ದೋ, ಒಂದು ಗಂಟೆಯದ್ದೋ

ಹಳೆಯ ಗ್ರಾಮಫೋನಿನ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ದೊಡ್ಡ ದೊಡ್ಡ ಗಾಯಕರು ಇಡೀ ರಾಗವನ್ನು ಅಷ್ಟರಲ್ಲೇ ತುಂಬಿಸಬೇಕಿತ್ತು. ಹಾಗಾಗಿ ಅಲ್ಲಿ ಒಂದು ಕ್ಷಣವೂ ಖಾಲಿ ಇಲ್ಲ. ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು 1937ರಲ್ಲಿ. ಅವರ ಮುದ್ರಣಗಳು ಇವತ್ತಿಗೂ ಫೋನಿನಲ್ಲಿ ಸಿಗುತ್ತವೆ. ಸರಸರ ಅನ್ನುವ ಸದ್ದು ಇರುತ್ತದೆ, ಎರಡು ಸಲ ಕೇಳಿದರೆ ಅದು ಮರೆತುಹೋಗುತ್ತದೆ. ಟೀ ಕುದಿಯುವಷ್ಟರಲ್ಲಿ ಒಂದು ಮುಗಿಯುತ್ತದೆ. ಹಂಚಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಉದ್ದದ್ದರ ಸುಖ ಬೇರೆ, ನಿಜ. ಎಲ್.ಪಿ. ಎಂಬ ಉದ್ದ ಮುದ್ರಣದ ತಟ್ಟೆ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. ಕಚೇರಿಯ ಮುದ್ರಣಗಳಂತೂ ಗಂಟೆಗಟ್ಟಲೆ ಇವೆ. ರಾಗ ನಿಧಾನಕ್ಕೆ ಒಂದೊಂದೇ ಸ್ವರವಾಗಿ ಬಿಚ್ಚಿಕೊಳ್ಳುವುದನ್ನು ಮೂರು ನಿಮಿಷದಲ್ಲಿ ಯಾರೂ ತೋರಿಸಲಾರರು. ಆದರೆ ಅದಕ್ಕೆ ಕೇಳುವವರ ಹತ್ತಿರ ಬಿಡುವಾದ ಒಂದು ಗಂಟೆ ಇರಬೇಕು. ಇಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಇರುತ್ತದೆ. ಹರಿಹರಕ್ಕೆ ಬಸ್ಸಿನಲ್ಲಿ ಹೋಗುವಾಗ ಇರುವುದಿಲ್ಲ.

ನಡುವಿನ ದಾರಿ ಅಂದರೆ, ಉದ್ದದ ಖಯಾಲನ್ನು ಹಿಂದಿನಿಂದ ಕೇಳುವುದು. ಮೊದಲ ದಿನ ದ್ರುತ್ ಮಾತ್ರ, ಕೊನೆಯ ಎಂಟು ಹತ್ತು ನಿಮಿಷ. ರಾಗದ ಮುಖ ಪರಿಚಯವಾದ ಮೇಲೆ ಇನ್ನೊಂದು ದಿನ ಮೊದಲಿನಿಂದ. ಸಂಗೀತ ಬಲ್ಲ ಹಿರಿಯರೊಬ್ಬರು ಇದನ್ನು ಕೇಳಿ ಬೇಸರ ಮಾಡಿಕೊಂಡರು. ಅವರ ಬೇಸರ ನನಗೆ ಅರ್ಥವಾಗುತ್ತದೆ, ರಾಗವನ್ನು ನಿಧಾನಕ್ಕೆ ಬಿಚ್ಚುವ ಆಲಾಪವಿಲ್ಲದೆ ದ್ರುತ್ ಅಂದರೆ ಬುಡವಿಲ್ಲದ ಮರ. ಆದರೂ ಹೊಸಬರ ವಿಷಯದಲ್ಲಿ ನಾನು ಈ ಕ್ರಮ ಬಿಡುವುದಿಲ್ಲ. ಹೀಗೆ ಕೇಳಿದವರು ಆಲಾಪಕ್ಕೆ ತಾವಾಗಿಯೇ ಬಂದಿದ್ದಾರೆ.

ರೇಡಿಯೊ, ಫೋನ್, ಎದುರು ಕೂತು ಕೇಳುವುದು

ಹೊಸದು ಸಿಗಬೇಕಾದರೆ ರೇಡಿಯೊ. ನಾವು ಆರಿಸುವುದಿಲ್ಲ, ಅವರು ಹಾಕಿದ್ದನ್ನು ಕೇಳುತ್ತೇವೆ. ಅದೇ ಅದರ ಲಾಭ. ಫೋನಿನಲ್ಲಿ ಹುಡುಕಲು ಹೆಸರು ಗೊತ್ತಿರಬೇಕು. ಗೊತ್ತಿಲ್ಲದ ರಾಗದ ಹೆಸರನ್ನು ಹುಡುಕುವುದು ಹೇಗೆ? ಆಕಾಶವಾಣಿಯವರು ಹಾಡಿಗೆ ಮುಂಚೆ ಗಾಯಕರ ಹೆಸರು, ರಾಗ, ತಾಳ, ಪಕ್ಕವಾದ್ಯದವರು ಎಲ್ಲವನ್ನೂ ಹೇಳುತ್ತಾರೆ. ನನಗೆ ಗೊತ್ತಿರುವ ಅರ್ಧ ರಾಗಗಳ ಹೆಸರು ಹಾಗೆ ಕಿವಿಗೆ ಬಿದ್ದದ್ದು. ಚಿತ್ರದುರ್ಗದಲ್ಲೂ ಆಕಾಶವಾಣಿ ಇದೆ, ಧಾರವಾಡದ ನಿಲಯವಂತೂ 1950ರಿಂದ ಇದೆ. 2016ರ ಜನವರಿ 26ರಂದು ಶಾಸ್ತ್ರೀಯ ಸಂಗೀತಕ್ಕೆಂದೇ ರಾಗಂ ಎಂಬ ವಾಹಿನಿ ಶುರುವಾಯಿತು. ಅದನ್ನು ಆಕಾಶವಾಣಿಯ ಆ್ಯಪಿನಲ್ಲಿ ಕೇಳಬಹುದು. ರೇಡಿಯೊದ ಕೊರತೆಯೂ ಸ್ಪಷ್ಟ. ಮನಸ್ಸಿಗೆ ಹಿಡಿದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ನಾನು ರೇಡಿಯೊ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಹೊತ್ತು, ರಾಗ, ಯಾರು ಹಾಡಿದ್ದು, ಅಷ್ಟೇ. ಆಮೇಲೆ ಫೋನಿನಲ್ಲಿ ಅದೇ ಗಾಯಕರ ಅದೇ ರಾಗ ಹುಡುಕುತ್ತೇನೆ. ಅದೇ ಮುದ್ರಣ ಸಿಗದೇ ಇರಬಹುದು, ರಾಗವಂತೂ ಸಿಗುತ್ತದೆ.

ಎರಡನೇ ಸಲಕ್ಕೆ ಫೋನೇ ಸರಿ. ಯೂಟ್ಯೂಬಿನಲ್ಲಿ ಹಳೆಯ ಕಚೇರಿಗಳು ರಾಶಿ ಇವೆ. ಕೆಳಗೆ ತಿಳಿದವರು ರಾಗ, ವರ್ಷ, ತಬಲಾ ಯಾರದು ಎಂದೆಲ್ಲ ಬರೆದಿರುತ್ತಾರೆ. ಆದರೆ ಆಲಾಪದ ನಡುವೆ ಜಾಹೀರಾತು ಬಂದರೆ ಎಲ್ಲಾ ಕಲಕಿಹೋಗುತ್ತದೆ. ಹಾಡಿನ ಆ್ಯಪುಗಳಲ್ಲಿ ದನಿ ಚೊಕ್ಕಟ. ಆದರೆ ಅವು ಸಿನಿಮಾ ಹಾಡಿನ ಅಳತೆಗೆ ಮಾಡಿದವು. ವಿಲಂಬಿತ ಒಂದು ತುಂಡು, ದ್ರುತ್ ಇನ್ನೊಂದು ತುಂಡು ಮಾಡಿ ಇಟ್ಟಿರುತ್ತವೆ. ಶಫಲ್ ಒತ್ತಿದ್ದರೆ ಮೊದಲನೆಯದು ಮುಗಿದ ಮೇಲೆ ಬೇರೆ ಯಾವುದೋ ರಾಗ ಬರುತ್ತದೆ. ಶಾಸ್ತ್ರೀಯ ಕೇಳುವಾಗ ಶಫಲ್ ಆರಿಸಿಡಿ, ಮರೆಯಬೇಡಿ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಫೋನಿನ ಸ್ಪೀಕರಿನಲ್ಲಿ ನೇರ ಹಾಕಿ ಕೇಳಿಸಬೇಡಿ. ಅದರಲ್ಲಿ ತಂಬೂರಿ ಸರಿಯಾಗಿ ಕೇಳುವುದಿಲ್ಲ, ಎಡಗೈ ತಬಲಾದ ಗುಮುಕಿ ಸತ್ತೇ ಹೋಗುತ್ತದೆ. ತಂಬೂರಿ ಇಲ್ಲದೆ ಕೇಳಿದರೆ ಗಾಯಕರ ಸ್ವರ ಯಾವುದರ ಮೇಲೆ ನಿಂತಿದೆ ಎಂಬುದೇ ಗೊತ್ತಾಗುವುದಿಲ್ಲ. ಅಂಥ ಸ್ಪೀಕರಿನಲ್ಲಿ ಕೇಳಿ "ಬೋರು" ಅಂದವರೇ ಸಾಧಾರಣ ಇಯರ್‌ಫೋನಿನಲ್ಲಿ ಅದನ್ನೇ ಕೇಳಿ ಸುಮ್ಮನೆ ಕೂತದ್ದು ನೋಡಿದ್ದೇನೆ. ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗಲೂ ಇಯರ್‌ಫೋನೇ ಒಳ್ಳೆಯದು, ಪಕ್ಕದವರ ನಡಿಗೆಗೂ ತೊಂದರೆ ಇಲ್ಲ.

ಎದುರು ಕೂತು ಕೇಳುವುದಕ್ಕೆ ಸಮ ಯಾವುದೂ ಇಲ್ಲ. ಗಾಯಕರ ಕೈ, ಕಣ್ಣು, ಪಕ್ಕವಾದ್ಯದವರ ಕಡೆ ತಿರುಗಿದ ಒಂದು ನಗು, ಇದೆಲ್ಲ ಸೇರಿ ರಾಗ ಅರ್ಥವಾಗುತ್ತದೆ. ನಮ್ಮೂರಲ್ಲಿ ದೊಡ್ಡ ಕಚೇರಿಗಳಿಗೆ ಕಾಯಬೇಕು. ಆದರೆ ಗಣಪತಿ ಹಬ್ಬ, ನವರಾತ್ರಿ, ದಾಸರ ಆರಾಧನೆ, ಮಠಗಳ ಕಾರ್ಯಕ್ರಮ ಇವನ್ನು ಬಿಡಬೇಡಿ. ಪುರಂದರದಾಸರ ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆಗೆ ಬರುತ್ತದೆ. ಸಂಗೀತ ಕಲಿಸುವವರು ಇರುವ ಊರಲ್ಲಿ ಅವತ್ತು ಮಕ್ಕಳಿಂದ ಹಿಡಿದು ಗುರುಗಳವರೆಗೆ ಎಲ್ಲರೂ ಹಾಡುತ್ತಾರೆ. ಹೊರಗೆ ಹೋಗಲು ಸಾಧ್ಯವಿದ್ದರೆ ಎರಡು ದಿಕ್ಕಿದೆ. ಬೆಂಗಳೂರು ಕಡೆಗೆ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ, 1939ರಿಂದ ನಡೆದು ಬಂದದ್ದು. ಹುಬ್ಬಳ್ಳಿ ಕಡೆಗೆ ಕುಂದಗೋಳ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿ, ಗಂಗೂಬಾಯಿ ಇಬ್ಬರೂ ಅವರಲ್ಲೇ ಕಲಿತದ್ದು. ಅಲ್ಲಿನ ನಾಡಿಗೇರ ವಾಡೆಯಲ್ಲಿ ಅವರ ಪುಣ್ಯತಿಥಿಗೆ ಸಂಗೀತೋತ್ಸವ ನಡೆಯುತ್ತದೆ. ಹುಬ್ಬಳ್ಳಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ, ನಮ್ಮ ರೈಲು ದಾರಿಯಲ್ಲೇ ಕುಂದಗೋಳ ಸ್ಟೇಷನ್ ಸಿಗುತ್ತದೆ.

ಹೊಸಬರನ್ನು ಕಚೇರಿಗೆ ಕರೆದುಕೊಂಡು ಹೋದರೆ ಸ್ಪೀಕರ್ ಡಬ್ಬದ ಮುಂದೆ ಕೂರಿಸಬೇಡಿ. ಒಮ್ಮೆ ಒಂದು ಕಲ್ಯಾಣ ಮಂಟಪದಲ್ಲಿ ಮೈಕಿನ ಅಬ್ಬರಕ್ಕೆ ನನ್ನ ಜೊತೆ ಬಂದಿದ್ದ ಗೆಳೆಯ ತಲೆನೋವು ಅಂತ ಎದ್ದು ಹೋದ. ಅವನು ಮತ್ತೆ ಬರಲಿಲ್ಲ. ಒಳ್ಳೆಯ ಕಲಾವಿದರೇ ಹಾಡಿದ್ದರು, ನನಗೆ ಇವತ್ತಿಗೂ ಆ ನೋವಿದೆ. ನಡುವಿನ ಸಾಲಿನಲ್ಲಿ, ಸ್ವಲ್ಪ ಹಿಂದೆ ಕೂತರೆ ಒಳ್ಳೆಯದು. ಇಡೀ ಕಚೇರಿ ಕೂರಿಸಲೇಬೇಕು ಅಂತಲೂ ಇಲ್ಲ. ಮುಖ್ಯ ಕೃತಿಯೋ, ಒಂದು ರಾಗವೋ ಪೂರ್ತಿ ಆದರೆ ಎದ್ದು ಬರಬಹುದು, ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ.

ಹಂಚುವ ಬಗೆಗಳು

ವಾಟ್ಸಾಪಿನಲ್ಲಿ ಲಿಂಕ್ ಕಳಿಸುವುದು ಸುಲಭ. ಸುಲಭವಾದ್ದರಿಂದಲೇ ಅದಕ್ಕೆ ತೂಕ ಕಡಿಮೆ. ಬೆಳಗಿನ ಶುಭೋದಯದ ಚಿತ್ರಗಳ ನಡುವೆ ಅದೂ ಒಂದಾಗಿ ಹೋಗುತ್ತದೆ. ಲಿಂಕ್ ಕಳಿಸಲೇಬೇಕಾದರೆ ಒಬ್ಬರಿಗೆ, ಒಂದೇ ಒಂದು. ಗುಂಪಿಗೆ ಹಾಕಿದ್ದನ್ನು ಯಾರೂ ತಮಗೆ ಬಂದದ್ದು ಅಂದುಕೊಳ್ಳುವುದಿಲ್ಲ. ಜೊತೆಗೆ ಎರಡು ಸಾಲು ಬರೆ‌ಯಿರಿ: ಎಷ್ಟನೇ ನಿಮಿಷದಿಂದ ಕೇಳಬೇಕು, ಅಲ್ಲಿ ಏನಾಗುತ್ತದೆ. "ಅದ್ಭುತ, ಕೇಳಿ" ಅಂತ ಬರೆದರೆ ಉಪಯೋಗವಿಲ್ಲ. "14ನೇ ನಿಮಿಷದಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುತ್ತಾರೆ, ತಬಲಾದವರು ಅಲ್ಲಿಯವರೆಗೆ ಬರೀ ಠೇಕಾ (ತಾಳದ ಮೂಲ ಬಡಿತ) ಹಿಡಿದಿರುತ್ತಾರೆ, ಆಮೇಲೆ ನೋಡಿ" ಅಂತ ಬರೆದರೆ ಎಂಥವರಿಗೂ ಆ ನಿಮಿಷ ನೋಡಬೇಕು ಅನ್ನಿಸುತ್ತದೆ.

ಪ್ಲೇಲಿಸ್ಟ್ ಮಾಡಿ ಕೊಡುವುದು ಇನ್ನೊಂದು ಬಗೆ. ನನ್ನ 18 ಲಿಂಕಿನ ಪಟ್ಟಿಯೂ ಅದೇ. ಐದಕ್ಕಿಂತ ಜಾಸ್ತಿ ಬೇಡ. ಐದೂ ಒಂದೇ ರಾಗದವಾದರೆ ಇನ್ನೂ ಚೆನ್ನ. ಹಿಂದೋಳದಲ್ಲಿ ತ್ಯಾಗರಾಜರ "ಸಾಮಜವರಗಮನ" ಒಂದು, ಅದೇ ರಾಗ ವೀಣೆಯಲ್ಲಿ ಒಂದು, ಮಾಲಕಂಸದ ಒಂದು ಚಿಕ್ಕ ಮುದ್ರಣ, ಒಂದು ಸರೋದ್, ಕೊನೆಗೆ ಒಂದು ಉದ್ದದ ಖಯಾಲ್. ಐದನೆಯದಕ್ಕೆ ಬರುವ ಹೊತ್ತಿಗೆ ರಾಗ ನಾಲ್ಕು ಸಲ ಕಿವಿಯಲ್ಲಿ ಹಾದು ಹೋಗಿರುತ್ತದೆ. ಅದು ಎರಡನೇ ಸಲಕ್ಕಿಂತಲೂ ಹೆಚ್ಚು.

ವಯಸ್ಸಾದವರಿಗೆ ಲಿಂಕು, ಪಟ್ಟಿ ಯಾವುದೂ ಬೇಡ. ಪೆನ್‌ಡ್ರೈವ್ ಕೊಡಿ. 128 ಕೆಬಿಪಿಎಸ್ ಎಂಪಿ3 ಆದರೆ ಒಂದು ಗಂಟೆಗೆ 60 ಎಂಬಿ ಒಳಗೇ ಆಗುತ್ತದೆ. 8 ಜಿಬಿಯ ಸಣ್ಣ ಡ್ರೈವಿನಲ್ಲಿ ನೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಆದರೆ ತುಂಬಿಸಬೇಡಿ. ನಾನು ಅಮ್ಮನಿಗೆ 12 ಹಾಡು ಹಾಕಿ ಕೊಟ್ಟೆ, ಕೊಂಡ ಸೀಡಿಗಳಿಂದ ತೆಗೆದದ್ದು. ಸ್ಪೀಕರಿನ ಒಂದು ಗುಂಡಿ ಒತ್ತಿದರೆ ಸಾಕು. ಅಮ್ಮನಿಗೆ ಈಗ ಆ ಹನ್ನೆರಡೂ ಬಾಯಿಪಾಠ. ಅದೇ ಕ್ರಮದಲ್ಲೇ ಬರಬೇಕು, ಬದಲಾಯಿಸಿದರೆ ಕೋಪ ಬರುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಜೊತೆಗೆ ಕೂತು ಕೇಳುವುದು. ಇದಕ್ಕೆ ಸಮಯ ಬೇಕು, ಹಾಗಾಗಿ ಜನ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕೈದು ಜನ ಸೇರುತ್ತೇವೆ. ಮಂಡಕ್ಕಿ, ಮೆಣಸಿನಕಾಯಿ, ಟೀ. ಪ್ರತಿಯೊಬ್ಬರೂ ಒಂದೊಂದು ತರಬೇಕು, ಹತ್ತು ನಿಮಿಷ ಮೀರಬಾರದು. ಹಾಕುವ ಮುಂಚೆ ಯಾಕೆ ತಂದೆ ಅಂತ ಹೇಳಬೇಕು. ಹಾಡು ನಡೆಯುವಾಗ ಯಾರೂ ಮಾತಾಡುವಂತಿಲ್ಲ, ಮಂಡಕ್ಕಿ ತಟ್ಟೆಗೂ ಕೈ ಹಾಕುವಂತಿಲ್ಲ. ಮುಗಿದ ಮೇಲೆ ಬೇಕಾದರೆ ಇನ್ನೊಂದು ಸಲ ಅದನ್ನೇ ಹಾಕುತ್ತೇವೆ. ಪಕ್ಕದ ಮನೆಯ ಟೈಲರ್ ಅಣ್ಣ ಮೊದಲು ಸುಮ್ನೆ ಟೀಗೆ ಅಂತ ಬಂದವರು. ಮೂರನೇ ತಿಂಗಳು ಅವರೇ ಬಿಸ್ಮಿಲ್ಲಾ ಖಾನರ ಶಹನಾಯಿ ತಂದರು. ಅವರ ಅಪ್ಪನ ಮದುವೆಯಲ್ಲಿ ಗ್ರಾಮಫೋನಿನಲ್ಲಿ ಶಹನಾಯಿ ಹಾಕಿದ್ದರಂತೆ, ಮನೆಯಲ್ಲಿ ಆ ಕಥೆ ಹೇಳುತ್ತಲೇ ಇದ್ದರಂತೆ. ನಾವು ಯಾರೂ ಆ ಸಂಜೆ ಬೇಗ ಏಳಲಿಲ್ಲ.

ಹೊತ್ತನ್ನೂ ನೋಡಿ ಹಂಚಿ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಹೇಳಿದ್ದಾರೆ. ಬೆಳಗಿಗೆ ಭೈರವ್, ಮಧ್ಯಾಹ್ನ ಇಳಿಯುವಾಗ ಭೀಮಪಲಾಸ, ದೀಪ ಹಚ್ಚಿದ ಮೇಲೆ ಯಮನ್, ನಡುರಾತ್ರಿ ಮಾಲಕಂಸ. ಕರ್ನಾಟಕದಲ್ಲಿ ಈ ನಿಯಮವನ್ನು ಕಚೇರಿಯಲ್ಲಿ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ನಿಯಮಕ್ಕಾಗಿ ಬೇಡ, ಕೇಳುವವರಿಗಾಗಿ ನೋಡಿ. ಮಧ್ಯಾಹ್ನ ಆಫೀಸಿನಲ್ಲಿರುವವರಿಗೆ ಮಾಲಕಂಸ ಕಳಿಸಿದರೆ ಅವರು ಅದನ್ನು ಅಲ್ಲೇ ಎರಡು ನಿಮಿಷ ಕೇಳಿ ಬಿಟ್ಟುಬಿಡುತ್ತಾರೆ. ರಾತ್ರಿ ಹತ್ತಕ್ಕೆ ಕಳಿಸಿದರೆ ಕೇಳುತ್ತಾರೆ.

ಹೋದ ತಿಂಗಳು ಅಕ್ಕನ ಮಗನಿಂದ ಒಂದು ಮೆಸೇಜ್ ಬಂತು. ಒಂದೇ ಲಿಂಕ್. ನಾನು ಯಾವತ್ತೂ ಕೇಳಿರದ ಒಬ್ಬರ ಪಿಟೀಲು, ರಾಗ ಹಿಂದೋಳ. ಕೆಳಗೆ ಬರೆದಿದ್ದ: "ಮಾಮ, 9ನೇ ನಿಮಿಷದಿಂದ ಕೇಳಿ. ಮೃದಂಗ ನಿಂತುಬಿಡುತ್ತೆ. ಈಗ ಬೇಡ, ಊಟ ಆದ್ಮೇಲೆ."

ಊಟ ಮುಗಿಸಿದೆ, ಟೀವಿ ಆರಿಸಿದೆ, ಇಯರ್‌ಫೋನ್ ಹಾಕಿಕೊಂಡು ಕೂತೆ. ಮುಗಿದ ಮೇಲೆ ಮತ್ತೆ 9ನೇ ನಿಮಿಷಕ್ಕೆ ತಂದೆ.